ಮಕ್ಕಳಿಗೆ ಯಾವ ಸಿಂಬನನ್ನು ಮೊದಲು ತೋರಿಸೋಣ?

ಹೊರದೇಶದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರು ಆಗಾಗ ಕೇಳುವ ಪ್ರಶ್ನೆ ಇದು. ಸಿಂಹದ ಮರಿ ಸಿಂಬನ ಕತೆ ಹೇಳುವ 'ದಿ ಲಯನ್ ಕಿಂಗ್' ಚಿತ್ರ ತೋರಿಸಬೇಕು, ಆದರೆ ಯಾವುದನ್ನು? 1994ರಲ್ಲಿ ಕೈಯಿಂದ ಬರೆದು ಮಾಡಿದ್ದನ್ನೋ, 2019ರಲ್ಲಿ ಬಂದ, ನಿಜದ ಸಿಂಹಗಳಂತೆ ಕಾಣುವುದನ್ನೋ? ಕತೆ ಒಂದೇ, ಹಾಡುಗಳೂ ಬಹುಪಾಲು ಅವೇ. ಹೊಸದನ್ನೇ ಹಾಕಿದರೆ ಆಯ್ತಲ್ಲ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ನನ್ನ ಉತ್ತರ ನೇರವಾಗಿದೆ. ಎಂಟು ವರ್ಷದೊಳಗಿನ ಮಗುವಾದರೆ ಹಳೆಯದನ್ನೇ ಮೊದಲು ತೋರಿಸಿ. ನಾವು ಚಿಕ್ಕವರಿದ್ದಾಗ ನೋಡಿದ್ದು ಎಂಬ ಪ್ರೀತಿ ನನಗೂ ಇದೆ, ಆದರೆ ಕಾರಣ ಅದಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಬೇಕಾದದ್ದು ಹಳೆಯದರಲ್ಲಿ ಧಾರಾಳವಾಗಿದೆ, ಹೊಸದರಲ್ಲಿ ಇಲ್ಲ. ಅದು ಮುಖಭಾವ.

ಹೊಸ ಚಿತ್ರವನ್ನು ಎಲ್ಲರೂ 'ಲೈವ್ ಆ್ಯಕ್ಷನ್', ಅಂದರೆ ನಿಜದ ಕ್ಯಾಮೆರಾದಲ್ಲಿ ತೆಗೆದದ್ದು, ಎನ್ನುತ್ತಾರೆ. ಅದು ಸರಿಯಲ್ಲ. ಶುರುವಿನಲ್ಲಿ ಸೂರ್ಯ ಹುಟ್ಟುವ ಒಂದೇ ಒಂದು ಶಾಟ್ ಮಾತ್ರ ನಿಜವಾದ ಕ್ಯಾಮೆರಾದಲ್ಲಿ ತೆಗೆದದ್ದು. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದ ಕಾಡು, ಕಟ್ಟಿದ ಹುಲ್ಲು, ಕಟ್ಟಿದ ಸಿಂಹ. ನಿರ್ದೇಶಕ ಜಾನ್ ಫಾವ್ರೋ ಮತ್ತು ಛಾಯಾಗ್ರಾಹಕ ಕೇಲೆಬ್ ಡೆಶನಲ್ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡು, ಇಲ್ಲದ ಕಾಡಿನೊಳಗೆ ಓಡಾಡಿ, ಎಲ್ಲಿ ಕ್ಯಾಮೆರಾ ಇಡಬೇಕು ಎಂದು ತೀರ್ಮಾನಿಸಿದರು. ಗೋಲ್ಡನ್ ಗ್ಲೋಬ್ ಪ್ರಶಸ್ತಿಯವರು ಅದನ್ನು ಅನಿಮೇಷನ್ ಚಿತ್ರಗಳ ಪಟ್ಟಿಯಲ್ಲೇ ನಾಮನಿರ್ದೇಶನ ಮಾಡಿದರು. ಅಂದರೆ ಎರಡೂ ಅನಿಮೇಷನ್ನೇ. ಒಂದು ನಿಜ, ಇನ್ನೊಂದು ಬೊಂಬೆ ಎಂದು ಹೋಲಿಸಿದರೆ ಚರ್ಚೆ ಶುರುವಿನಲ್ಲೇ ದಾರಿ ತಪ್ಪುತ್ತದೆ.

ವ್ಯತ್ಯಾಸ ಇರುವುದು ಕಲಾವಿದರ ಆಯ್ಕೆಯಲ್ಲಿ. ಹಳೆಯ ಚಿತ್ರದ ಕಲಾವಿದರಲ್ಲಿ ಕೆಲವರು ಕೀನ್ಯಾಕ್ಕೆ ಹೋಗಿ ನೆಲ, ಬೆಳಕು, ಬಂಡೆ ಎಲ್ಲ ನೋಡಿ ಬಂದರು. ಸ್ಟುಡಿಯೋಗೇ ಸಿಂಹಗಳನ್ನು ತರಿಸಿ, ಮೂಳೆ ಎಲ್ಲಿ ಬಾಗುತ್ತದೆ, ನಡೆಯುವಾಗ ಹೆಗಲು ಹೇಗೆ ಏಳುತ್ತದೆ ಎಂದು ಬರೆದು ಬರೆದು ಕಲಿತರು. ಅಷ್ಟೆಲ್ಲ ಕಲಿತ ಮೇಲೆ ಸಿಂಹದ ಮುಖಕ್ಕೆ ಹುಬ್ಬು ಕೊಟ್ಟರು, ತುಟಿ ನಡುಗುವಂತೆ ಮಾಡಿದರು. ಹೊಸ ಚಿತ್ರದವರು ಸಿಂಹದ ಮುಖಕ್ಕೆ ನಿಜದಲ್ಲಿ ಎಷ್ಟು ಸಾಧ್ಯವೋ ಅಷ್ಟಕ್ಕೇ ನಿಂತರು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಒಂದೊಂದು ಕೂದಲೂ ಗಾಳಿಗೆ ಅಲುಗುತ್ತದೆ. ಆದರೆ ನಿಜದ ಸಿಂಹ ದುಃಖವನ್ನು ಹುಬ್ಬಿನಲ್ಲಿ ತೋರಿಸುವುದಿಲ್ಲ.

ಕಣಿವೆಯ ದೃಶ್ಯ ತೆಗೆದುಕೊಳ್ಳಿ. ಸಾವಿರಾರು ವೈಲ್ಡ್‌ಬೀಸ್ಟ್‌ಗಳು, ಅಂದರೆ ಆಫ್ರಿಕಾದ ದನದಂಥ ಕಾಡುಪ್ರಾಣಿಗಳು, ನುಗ್ಗಿ ಬರುತ್ತವೆ. ಹಳೆಯ ಚಿತ್ರದಲ್ಲೂ ಆ ಹಿಂಡನ್ನು ಕಂಪ್ಯೂಟರಿನಲ್ಲೇ ಮಾಡಿದ್ದು. ಸುಮಾರು ಎರಡೂವರೆ ನಿಮಿಷದ ಆ ದೃಶ್ಯಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆದರೆ ಹಿಂಡು ನಮಗೆ ನೆನಪಿರುವುದು ಆ ದೃಶ್ಯದ ಶುರುವಿನಲ್ಲಿ ಬರುವ ಒಂದು ಶಾಟ್‌ನಿಂದ. ಸಿಂಬ ತಲೆ ಎತ್ತುತ್ತಾನೆ, ಕ್ಯಾಮೆರಾ ಅವನ ಮುಖಕ್ಕೆ ನುಗ್ಗುತ್ತದೆ, ಕಣ್ಣು ಅಗಲವಾಗುತ್ತದೆ, ಕಿವಿ ಹಿಂದಕ್ಕೆ ಮಲಗುತ್ತದೆ. ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ, ಇವನು ಹೆದರಿದ್ದಾನೆ ಎಂದು. ಆಮೇಲೆ ಆ ಹಿಂಡಿಗೆ ಸಿಕ್ಕಿ ಸತ್ತ ಅಪ್ಪನ ದೇಹದ ಪಕ್ಕ ಬಂದು ನಿಂತಾಗ ಆ ಮುಖದಲ್ಲಿ ಮೂರು ನಾಲ್ಕು ಭಾವ ಒಂದರ ಹಿಂದೆ ಒಂದು ಬರುತ್ತವೆ. ಮೊದಲು ಎಬ್ಬಿಸುವ ಆಸೆ, ಆಮೇಲೆ ಅನುಮಾನ, ಆಮೇಲೆ ಯಾರನ್ನಾದರೂ ಕೂಗುವ ಗಾಬರಿ, ಕೊನೆಗೆ ಅಳು. ಹೊಸ ಚಿತ್ರದಲ್ಲಿ ಹುಡುಗನ ದನಿ ಚೆನ್ನಾಗಿದೆ, ಅಳು ದನಿಯಲ್ಲಿದೆ. ಮುಖ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನನ್ನ ಮಗಳು ಅಲ್ಲಿ ಕೇಳಿದ್ದು, "ಸಿಂಬ ಯಾಕೆ ಸುಮ್ನೆ ನೋಡ್ತಿದ್ದಾನೆ?" ಎಂದು. ಹಳೆಯದನ್ನು ನೋಡುವಾಗ ಅದೇ ಜಾಗದಲ್ಲಿ ಅವಳು ಕೇಳಿದ ಪ್ರಶ್ನೆ ಬೇರೆ: "ಇವನನ್ನ ಮನೆಗೆ ಯಾರು ಕರ್ಕೊಂಡು ಹೋಗ್ತಾರೆ?"

ಆ ಎರಡನೇ ಪ್ರಶ್ನೆಯೇ ನನಗೆ ಮುಖ್ಯ. ನಮ್ಮ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಕಲಿಯುತ್ತಾರೆ. ಶಾಲೆಯ ಭಾಷೆಯಲ್ಲಿ ಆಟ, ಲೆಕ್ಕ, ಜಗಳ ಎಲ್ಲ ಬರುತ್ತದೆ. ಮನೆಯ ಭಾಷೆಯಲ್ಲಿ ಊಟ, ನಿದ್ದೆ, ಗದರಿಕೆ ಬರುತ್ತದೆ. ಹೊಟ್ಟೆಯೊಳಗಿನ ಭಯ, ಸಂಕಟ, ನಾಚಿಕೆಗೆ ಮಾತು ಎರಡರಲ್ಲೂ ತಡವಾಗಿ ಬರುತ್ತದೆ. ಅಂಥ ಮಗು ಒಂದು ಮುಖ ನೋಡಿ ಇವನಿಗೆ ಏನೋ ಆಗ್ತಿದೆ ಎಂದು ಗುರುತಿಸಿದರೆ, ಅಲ್ಲಿಂದ ಮಾತು ಶುರುವಾಗುತ್ತದೆ. ಏನಾಯ್ತು ಅವನಿಗೆ? ನಿನಗೂ ಹಾಗೆ ಆಗಿತ್ತಾ? ಇದನ್ನು ಕನ್ನಡದಲ್ಲೇ ಕೇಳಬಹುದು, ಮಗು ಗೊತ್ತಿರುವ ಅಷ್ಟು ಕನ್ನಡದಲ್ಲೇ ಉತ್ತರ ಕೊಡುತ್ತದೆ.

ಪ್ರಾಣಿ ಅಳುವುದು ಸಹಜವಲ್ಲ ಎನ್ನುವ ವಾದ ಹೊಸ ಚಿತ್ರದ ಪರವಾಗಿ ಕೇಳಿಬರುತ್ತದೆ. ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಈ ವಾದ ಹಿಡಿಸುವುದು ಕಷ್ಟ. ಹಸುವಿನ ಸತ್ಯ ಕಂಡು ಹುಲಿ ಕಣ್ಣೀರಿಟ್ಟು ಪ್ರಾಣ ಬಿಟ್ಟಿತು ಎಂದಾಗ, ಹುಲಿ ಹೇಗೆ ಅಳುತ್ತದೆ ಎಂದು ನಮ್ಮಲ್ಲಿ ಯಾವ ಮಗುವೂ ಕೇಳಲಿಲ್ಲ. ಪ್ರಾಣಿಯ ಬಾಯಲ್ಲಿ ಮನುಷ್ಯರ ಮಾತು ಇಟ್ಟ ಮೇಲೆ ಮನುಷ್ಯರ ಮುಖವನ್ನೂ ಕೊಡಬೇಕು. ಒಂದು ಕೊಟ್ಟು ಇನ್ನೊಂದು ಕೊಡದಿದ್ದರೆ, ಸಾಕ್ಷ್ಯಚಿತ್ರಕ್ಕೆ ಯಾರೋ ಡಬ್ಬಿಂಗ್ ಮಾಡಿದ ಹಾಗೆ ಕಾಣುತ್ತದೆ.

ಹಾಡುಗಳಲ್ಲೂ ಇದೇ ತೊಂದರೆ. ರಾಜನಾಗುವ ಆಸೆಯಿಂದ ಮರಿ ಸಿಂಬ ಹಾಡುವಾಗ ಹಳೆಯ ಚಿತ್ರ ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ. ಕೆಂಪು, ಹಳದಿ, ನೇರಳೆ, ಪ್ರಾಣಿಗಳ ಮೇಲೆ ಪ್ರಾಣಿ ಹತ್ತಿ ಗೋಪುರ. ಮಗುವಿನ ಕನಸು ಅಂದರೆ ಹಾಗೇ ತಾನೇ ಇರೋದು? ಹೊಸದರಲ್ಲಿ ಮರಿಗಳು ನೀರಿನ ದಡದಲ್ಲಿ ಬೇರೆ ಪ್ರಾಣಿಗಳ ನಡುವೆ ಓಡುತ್ತವೆ, ಅಷ್ಟೇ. ಸಿಂಬನ ಕೆಟ್ಟ ಚಿಕ್ಕಪ್ಪ ಸ್ಕಾರ್‌ನ ಹಾಡು ಹಳೆಯದರಲ್ಲಿ ಹಸಿರು ಹೊಗೆ, ಸಾಲಾಗಿ ಕಾಲು ಎತ್ತಿ ನಡೆಯುವ ಹೈನಾಗಳು. ನಾಜಿಗಳ ಮೆರವಣಿಗೆಯ ದೃಶ್ಯಗಳನ್ನು ನೋಡಿ ಅದನ್ನು ರಚಿಸಿದರು. ದೊಡ್ಡ ಮಕ್ಕಳಿದ್ದರೆ ಆ ಇತಿಹಾಸವನ್ನು ಮಾತಾಡಲು ಅಲ್ಲೊಂದು ಬಾಗಿಲಿದೆ. ಹೊಸದರಲ್ಲಿ ಆ ಹಾಡು ಚಿಕ್ಕದಾಗಿ, ಅರ್ಧ ಮಾತಾಗಿಬಿಟ್ಟಿದೆ. ಇನ್ನು ರಾತ್ರಿಯ ಬಗ್ಗೆ ಇರುವ ಪ್ರೇಮಗೀತೆಯನ್ನು ಹಗಲ ಬೆಳಕಿನಲ್ಲಿ ಯಾಕೆ ಚಿತ್ರಿಸಿದರೋ ನನಗಂತೂ ತಿಳಿಯಲಿಲ್ಲ.

ಹಳೆಯದು 88 ನಿಮಿಷ, ಹೊಸದು 118. ಆ ಅರ್ಧ ಗಂಟೆ ಪುಟ್ಟ ಮಕ್ಕಳಿಗೆ ಭಾರವಾಗುತ್ತದೆ.

ಆದರೆ ಒಂದು ವಿಷಯದಲ್ಲಿ ಹೊಸ ಚಿತ್ರ ಹಳೆಯದಕ್ಕಿಂತ ಮುಂದಿದೆ. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಅದು ಸಣ್ಣ ವಿಷಯ ಅಲ್ಲ. ಹಳೆಯದರಲ್ಲಿ ಯಾರು ಯಾವ ಉಚ್ಚಾರಣೆಯಲ್ಲಿ ಮಾತಾಡುತ್ತಾರೆ ಎಂದು ಗಮನಿಸಿ. ಮರಿ ಸಿಂಬ, ದೊಡ್ಡ ಸಿಂಬ ಇಬ್ಬರದೂ ಬಿಳಿಯ ಅಮೆರಿಕನ್ ನಟರ ದನಿ. ಕೆಟ್ಟ ಚಿಕ್ಕಪ್ಪ ಸ್ಕಾರ್‌ಗೆ ಬ್ರಿಟಿಷ್ ನಟ ಜೆರೆಮಿ ಐರನ್ಸ್ ದನಿ, ಅಣ್ಣ ಮುಫಾಸನ (ಸಿಂಬನ ಅಪ್ಪ) ಮಾತಿಗೂ ತಮ್ಮನ ಮಾತಿಗೂ ಸಂಬಂಧವೇ ಇಲ್ಲ. ಗಡಿಯಾಚೆ ಹಸಿದು ಕೂತಿರುವ ಹೈನಾಗಳಲ್ಲಿ ಇಬ್ಬರಿಗೆ ವೂಪಿ ಗೋಲ್ಡ್‌ಬರ್ಗ್ ಮತ್ತು ಚೀಚ್ ಮರಿನ್ ದನಿ. ಒಬ್ಬರು ಕಪ್ಪು ಅಮೆರಿಕನ್, ಇನ್ನೊಬ್ಬರು ಮೆಕ್ಸಿಕನ್ ಮೂಲದವರು. ಬೆಳಕು ಬಿದ್ದ ನೆಲವೆಲ್ಲ ಸಿಂಹಗಳದು, ನೆರಳಿನ ಜಾಗಕ್ಕೆ ಹೋಗಬೇಡ, ಅಲ್ಲಿರುವವರು ಇಲ್ಲಿಗೆ ಬಂದರೆ ನಾಡು ಹಾಳು. ಕತೆ ಹೇಳುವುದು ಇದನ್ನೇ. ಈ ಬಗ್ಗೆ ಆಗಿನಿಂದಲೂ ಟೀಕೆ ಇದೆ.

ನಾವೇ ಗಡಿ ದಾಟಿ ಬಂದವರು. ಅಪ್ಪ ಅಮ್ಮನ ಉಚ್ಚಾರಣೆ ಕೇಳಿ ಯಾರೋ ನಕ್ಕಿದ್ದನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಯಾವ ಮಾತಿನ ಧಾಟಿ ಒಳ್ಳೆಯವರದು, ಯಾವುದು ಕೆಟ್ಟವರದು ಎಂದು ಕಾರ್ಟೂನುಗಳು ಅವರ ಕಿವಿಗೆ ಮೆಲ್ಲಗೆ ಕಲಿಸುತ್ತಿರುತ್ತವೆ. ಹೊಸ ಚಿತ್ರದಲ್ಲಿ ಸಿಂಬನಿಗೆ ಡೊನಾಲ್ಡ್ ಗ್ಲೋವರ್, ಅವನ ಗೆಳತಿ ನಾಲಾಗೆ ಬಿಯಾನ್ಸೆ, ಸ್ಕಾರ್‌ಗೆ ಚಿವೆಟೆಲ್ ಎಜಿಯೊಫೋರ್, ಮುದಿ ಮಂಗ ರಫೀಕಿಗೆ ದಕ್ಷಿಣ ಆಫ್ರಿಕಾದ ಹಿರಿಯ ನಟ ಜಾನ್ ಕಾನಿ. ಹೈನಾಗಳ ನಾಯಕಿ ಶೆಂಜಿಗೆ ದನಿ ಕೊಟ್ಟ ಫ್ಲಾರೆನ್ಸ್ ಕಸುಂಬಾ ಯುಗಾಂಡಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದವರು. ಅವಳ ಶೆಂಜಿ ನಗಿಸುವುದಿಲ್ಲ, ನಿಜಕ್ಕೂ ಹೆದರಿಸುತ್ತಾಳೆ. ಇಲ್ಲಿ ಒಳ್ಳೆಯವರೂ ಕೆಟ್ಟವರೂ ಒಂದೇ ಬಗೆಯ ದನಿಗಳಿಂದ ಬಂದಿದ್ದಾರೆ. ನಾಲಾಗೂ ರಾಣಿ ಸರಬಿಗೂ ಕೆಲಸ ಜಾಸ್ತಿ ಇದೆ. ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳಿಗೆ ನಾಲಾ ರಾತ್ರಿ ತಪ್ಪಿಸಿಕೊಂಡು ಹೊರಡುವ ಭಾಗ ಖಂಡಿತ ತೋರಿಸಿ. ಗಡಿಯ ವಿಷಯದಲ್ಲಿ ಮಾತ್ರ ಹೊಸಬರೂ ಕತೆಯನ್ನು ಬದಲಿಸುವ ಧೈರ್ಯ ಮಾಡಲಿಲ್ಲ. ಹೈನಾಗಳು ಯಾಕೆ ಒಳಗೆ ಬರಬಾರದು ಎಂದು ಮಗು ಕೇಳಿದರೆ, ಉತ್ತರ ನಾವೇ ಹುಡುಕಬೇಕು.

ಇನ್ನೊಂದು ಮಾತು, ಇದು ನಮ್ಮವರ ಅಭ್ಯಾಸದ ಬಗ್ಗೆ. ಮುಫಾಸ ಮೋಡದಲ್ಲಿ ಬಂದು, ನೀನು ಯಾರೆಂಬುದನ್ನು ಮರೆಯಬೇಡ ಎಂದು ಮಗನಿಗೆ ಹೇಳುತ್ತಾನಲ್ಲ, ಆಗ ನಮಗೆ ಗಂಟಲು ಕಟ್ಟುತ್ತದೆ. ಎರಡೂ ಚಿತ್ರಗಳಲ್ಲಿ ಆ ದನಿ ಒಬ್ಬರದೇ, ಜೇಮ್ಸ್ ಅರ್ಲ್ ಜೋನ್ಸ್ ಅವರದು. ದೂರದಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರಿಗೆ ಅದು ಎಲ್ಲಿ ತಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಶುರುವಿನ ಆ ಜುಲು ಭಾಷೆಯ ಕೂಗೂ ಎರಡರಲ್ಲೂ ಗಾಯಕ ಲೆಬೋ ಎಂ ಅವರದೇ. ವರ್ಣಭೇದದ ಕಾಲದಲ್ಲಿ ಹದಿಹರೆಯದಲ್ಲೇ ದಕ್ಷಿಣ ಆಫ್ರಿಕಾ ಬಿಟ್ಟು ಹೊರಟ ಮನುಷ್ಯ. ಆದರೆ ತಕ್ಷಣ ಮಗುವಿನ ಕಡೆ ತಿರುಗಿ, ನೋಡು, ನೀನೂ ನಿನ್ನ ಮೂಲ ಮರೆಯಬಾರದು ಎಂದು ಪಾಠ ಶುರು ಮಾಡಬೇಡಿ. ಆ ಸಂಕಟ ನಮ್ಮದು. ಮಗು ನೋಡುತ್ತಿರುವ ಕತೆ ಬೇರೆ.

ಮಗು ನೋಡುವುದು ತಪ್ಪು ಹೊತ್ತುಕೊಂಡ ಒಬ್ಬ ಹುಡುಗನನ್ನು. ಎಲ್ಲ ನಿನ್ನಿಂದಲೇ ಆಯ್ತು, ಓಡಿ ಹೋಗು ಎಂದು ದೊಡ್ಡವನೊಬ್ಬ ಹೇಳುತ್ತಾನೆ, ಹುಡುಗ ನಂಬುತ್ತಾನೆ, ವರ್ಷಗಟ್ಟಲೆ ಯಾರಿಗೂ ಹೇಳುವುದಿಲ್ಲ. ದೇಶ ಬದಲಾಯಿಸಿದ ಮನೆಗಳಲ್ಲಿ ಮಕ್ಕಳು ಹೀಗೆ ಏನೇನೋ ಹೊತ್ತುಕೊಂಡಿರುತ್ತಾರೆ. ಅಮ್ಮ ಅಳುವುದು ನನ್ನಿಂದ, ಅಪ್ಪ ಕೆಲಸದಿಂದ ತಡವಾಗಿ ಬರುವುದು ನನ್ನಿಂದ, ಅಜ್ಜಿಯನ್ನು ಬಿಟ್ಟು ಬಂದದ್ದು ನನ್ನ ಓದಿಗಾಗಿ. ಕೊನೆಯದನ್ನಂತೂ ನಾವೇ ಹೇಳಿರುತ್ತೇವೆ, ಅಲ್ವಾ? ಸಿಂಬನದು ತಪ್ಪಲ್ಲ ಎಂದು ಮಗುವಿಗೆ ಸ್ಪಷ್ಟವಾಗಿ ಹೇಳಿ. ಚಿತ್ರ ಮುಗಿಯುವವರೆಗೆ ಕಾಯಬೇಡಿ, ಕಣಿವೆಯ ದೃಶ್ಯ ಮುಗಿದ ಕೂಡಲೇ ನಿಲ್ಲಿಸಿ ಹೇಳಿ.

ಹಳೆಯದರಲ್ಲಿ ರಫೀಕಿ ಕೋಲಿನಿಂದ ಸಿಂಬನ ತಲೆಗೆ ಒಂದು ಬಿಡುತ್ತಾನೆ. ಯಾಕೆ ಹೊಡೆದೆ ಎಂದರೆ, ಆಗಿ ಹೋದದ್ದು, ಬಿಡು ಎನ್ನುತ್ತಾನೆ. ಎರಡನೇ ಸಲ ಬೀಸಿದಾಗ ಸಿಂಬ ತಪ್ಪಿಸಿಕೊಳ್ಳುತ್ತಾನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ವಿಷಯವೂ ಒಳಗೆ ಇಳಿಯುತ್ತದೆ. ಹೊಸದರಲ್ಲಿ ಆ ಭಾಗವೇ ಇಲ್ಲ. ಮೋಡದಲ್ಲಿ ಅಪ್ಪನ ರೂಪವೂ ಮಿಂಚಿನಲ್ಲಿ ಸ್ವಲ್ಪ ಹೊಳೆದಂತೆ ಆಗುತ್ತದೆ ಅಷ್ಟೇ. ನನಗೆ ಇಡೀ ರೀಮೇಕ್‌ನ ದೊಡ್ಡ ನಷ್ಟ ಇದು. ಅಷ್ಟು ಹೊತ್ತು ಕಾದ ಮಗುವಿಗೆ ಅಪ್ಪನ ಮುಖ ಕಾಣಬೇಕಿತ್ತು.

ಭಾಷೆಯ ವಿಷಯಕ್ಕೆ ಬಂದರೆ, 2019ರದ್ದು ಭಾರತದಲ್ಲಿ ಇಂಗ್ಲಿಷ್ ಜೊತೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಹಿಂದಿಯಲ್ಲಿ ಮುಫಾಸನಿಗೆ ಶಾರುಖ್ ಖಾನ್, ಸಿಂಬನಿಗೆ ಅವರ ಮಗ ಆರ್ಯನ್. ಕನ್ನಡದ ಮಕ್ಕಳಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಹಾಗಾಗಿ ನಮ್ಮಲ್ಲಿ ಕೆಲವರು ಮಾಡುವ ಒಂದು ಕೆಲಸ ನನಗೆ ತುಂಬಾ ಹಿಡಿಸಿದೆ. ಮಗು ಚಿತ್ರವನ್ನು ಒಮ್ಮೆ ಪೂರ್ತಿ ನೋಡಿದ ಮೇಲೆ, ಹಳೆಯದರ ಒಂದು ದೃಶ್ಯವನ್ನು ದನಿ ಮುಚ್ಚಿ ಹಾಕಿ, ಮಾತನ್ನು ಮಗುವಿನಿಂದಲೇ ಕನ್ನಡದಲ್ಲಿ ಹೇಳಿಸಿ. ಸಿಂಬ ಈಗ ಏನಂದ? ಅಪ್ಪ ಏನಂತಾರೆ? ಮುಖದಲ್ಲೇ ಎಲ್ಲ ಇರುವುದರಿಂದ ಮಗುವಿಗೆ ಮಾತು ತಾನಾಗಿ ಬರುತ್ತದೆ. ಸಿಂಬ ಅಪ್ಪನ ಹೆಜ್ಜೆ ಗುರುತಿನೊಳಗೆ ತನ್ನ ಪುಟ್ಟ ಕಾಲಿಡುವ ಭಾಗದಿಂದ ಶುರು ಮಾಡಿ, ಅದು ಸುಲಭ. ಆಮೇಲೆ ಅದೇ ಭಾಗವನ್ನು ಹೊಸ ಚಿತ್ರದಿಂದ, ದನಿ ಇಲ್ಲದೆಯೇ, ಹಾಕಿ ನೋಡಿ. ಸ್ವಲ್ಪ ದೊಡ್ಡ ಮಕ್ಕಳಾದರೆ ಎರಡಕ್ಕೂ ಇರುವ ವ್ಯತ್ಯಾಸವನ್ನು ಅವರೇ ನಿಮಗೆ ವಿವರಿಸುತ್ತಾರೆ.