ಪೋರ್ಟಲ್‌ನ ಸೊನ್ನೆ ನೋಡಿ ಹೆದರಿದ ಪುಟ್ಟಿಗೆ

ಪುಟ್ಟಿ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗಷ್ಟೇ ಓದಿದೆ. ಮಗಳು ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನ 18 ಡ್ಯುಯಲ್ ಕ್ರೆಡಿಟ್ ಗಳಿಸಿದ್ದಾಳೆ, ಮೇ ತಿಂಗಳಲ್ಲಿ ನಾಲ್ಕು ಎಪಿ ಪರೀಕ್ಷೆಗಳನ್ನೂ ಬರೆದಿದ್ದಾಳೆ, ಆದರೂ ಸೇರಲಿರುವ ಯೂನಿವರ್ಸಿಟಿಯ ಪೋರ್ಟಲ್ ಸೊನ್ನೆ ತೋರಿಸುತ್ತಿದೆ, ಮೂರು ವರ್ಷಕ್ಕೆ ಡಿಗ್ರಿ ಮುಗಿಯುವುದೆಂದು ನಂಬಿದ್ದು ಸುಳ್ಳಾಯಿತೇ ಎಂದು ಕೇಳಿದ್ದೀಯ. ಬರೆಯಲು ಕಣ್ಣು ಸಾಲದು, ಆದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಗುಂಪಿನಲ್ಲಿ ಗೊತ್ತಿಲ್ಲದವರಿಗಾಗಿ ಒಂದು ಮಾತು: ಅಮೆರಿಕದಲ್ಲಿ ಡಿಗ್ರಿಯ ಓದನ್ನು ಅಳೆಯುವ ಮಾನವೇ ಕ್ರೆಡಿಟ್, ಹೈಸ್ಕೂಲಿಗೂ ಕಾಲೇಜಿಗೂ ಎರಡೂ ಕಡೆ ಸಲ್ಲುವ ಕೋರ್ಸಿನದು ಡ್ಯುಯಲ್ ಕ್ರೆಡಿಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ ಪರೀಕ್ಷೆ ಎಪಿ.

ಸೊನ್ನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ದೊಡ್ಡವನಿಗೆ ಆದದ್ದನ್ನು ಪೂರ್ತಿ ಕೇಳು, ಏಕೆಂದರೆ ನಿಮಗೆಲ್ಲ ತಿಳಿದಿರುವುದು ಅದರ ಅರ್ಧ ಮಾತ್ರ. ಅವನು 2014ರಲ್ಲಿ ಹೈಸ್ಕೂಲು ಮುಗಿಸುವ ಹೊತ್ತಿಗೆ ಎರಡೂ ಬಗೆಯವು ಸೇರಿ 33 ಕ್ರೆಡಿಟ್ ಅವನ ಕೈಯಲ್ಲಿದ್ದವು. ಡಿಗ್ರಿಗೆ ಬೇಕಾದದ್ದು ಸುಮಾರು 120. ನಿನ್ನ ದೊಡ್ಡಪ್ಪ ಡೈರಿಯಲ್ಲಿ ಭಾಗಾಕಾರ ಮಾಡಿ, ಕಾಲು ಭಾಗ ಆಗಲೇ ಮುಗಿಯಿತೆಂದು ತೀರ್ಮಾನಿಸಿ, ಮೂರೇ ವರ್ಷದ ಫೀಸಿಗೆ ಹಣ ತೆಗೆದಿಟ್ಟರು. ಅವನು ಆರಿಸಿಕೊಂಡದ್ದು ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ. ಫೋನ್ ಮಾಡಿ ಕೇಳಿದಾಗ ಅಲ್ಲಿಯವರು, ಹೌದು, ಇಂಥ ಕ್ರೆಡಿಟ್‌ಗಳನ್ನು ನಾವು ಒಪ್ಪುತ್ತೇವೆ ಎಂದರು. ಮುಂದಿನ ಪ್ರಶ್ನೆ ಕೇಳುವುದು ನಮಗೆ ತೋಚಲಿಲ್ಲ.

ಆಗಸ್ಟ್‌ನಲ್ಲಿ ಲೆಕ್ಕದ ಹಾಳೆ ಬಂದಾಗ, ಹೈಸ್ಕೂಲ್ ಡಿಪ್ಲೊಮಾಗೂ ಬಳಸಿಕೊಂಡ ಕೋರ್ಸುಗಳನ್ನು ತಾವು ಪರಿಗಣಿಸುವುದಿಲ್ಲವೆಂದು ಹೇಳಿ, ಕಮ್ಯುನಿಟಿ ಕಾಲೇಜಿನ 18 ಕ್ರೆಡಿಟ್‌ಗಳನ್ನೂ ಅವರು ಕೈಬಿಟ್ಟಿದ್ದರು. ಎಪಿಯಿಂದ ಬಂದ 15ರಲ್ಲಿ ಕ್ಯಾಲ್ಕುಲಸ್‌ನ 8 ಮಾತ್ರ ಉಪಯೋಗಕ್ಕೆ ಬಂದವು. ಮಿಕ್ಕ 7 ಎಲೆಕ್ಟಿವ್, ಅಂದರೆ ಐಚ್ಛಿಕ ವಿಷಯ ಎಂಬ ತಲೆಬರಹದ ಕೆಳಗೆ ಕುಳಿತವು, ಆದರೆ ಅವನ ಎಂಜಿನಿಯರಿಂಗ್ ವಿಭಾಗದಲ್ಲಿ ಅಂಥ ಎಲೆಕ್ಟಿವ್‌ಗೆ ಜಾಗವೇ ಇರಲಿಲ್ಲ. ಸಾಲದ್ದಕ್ಕೆ, ಅಲ್ಲಿ ಒಂದು ಕೋರ್ಸ್ ಮುಗಿಸದೆ ಇನ್ನೊಂದಕ್ಕೆ ಕಾಲಿಡುವಂತಿಲ್ಲ, ಆ ಇನ್ನೊಂದು ವರ್ಷಕ್ಕೆ ಒಮ್ಮೆ ಮಾತ್ರ ನಡೆಯುತ್ತದೆ. ಹೀಗಿರುವಾಗ 33 ಅಲ್ಲ, 50 ಕ್ರೆಡಿಟ್ ಹೊತ್ತು ಹೋಗಿದ್ದರೂ ಅವನು ಮೂರು ವರ್ಷಕ್ಕೆ ಹೊರಬರುತ್ತಿರಲಿಲ್ಲ. ನಾಲ್ಕನೆಯ ವರ್ಷದ ಫೀಸನ್ನು ಸಾಲ ಮಾಡಿ ಕಟ್ಟಿದೆವು. ಆದ್ದರಿಂದ ಹೇಳುತ್ತೇನೆ, ಪುಟ್ಟಿ: ಕ್ರೆಡಿಟ್ ಒಪ್ಪುವುದು ಬೇರೆ, ಅದು ಡಿಗ್ರಿಯ ಲೆಕ್ಕಕ್ಕೆ ಬರುವುದು ಬೇರೆ.

ಹಣ ಹೋದದ್ದಕ್ಕಿಂತ ನನ್ನನ್ನು ಇಂದಿಗೂ ಕೊರೆಯುವುದು ಇನ್ನೊಂದಿದೆ. ಮೂರೇ ವರ್ಷಕ್ಕೆ ಮುಗಿಸುತ್ತಾನೆಂದು ನಾನೇ ಮೈಸೂರಿನವರೆಗೂ ಹೇಳಿಕೊಂಡು ಬಂದಿದ್ದೆ, ಅದು ನನ್ನ ತಪ್ಪೇ. ಆದರೆ ನಾಲ್ಕು ವರ್ಷದ ಡಿಗ್ರಿಯನ್ನು ನಾಲ್ಕೇ ವರ್ಷದಲ್ಲಿ ಮುಗಿಸಿದ ಹುಡುಗನನ್ನು, ಸಣ್ಣತ್ತೆಯ ಮನೆಯ ಗೃಹಪ್ರವೇಶದಲ್ಲಿ, ಪಾಪ, ಒಂದು ವರ್ಷ ಫೇಲಾದನಂತೆ ಎಂದು ಎಲ್ಲರೂ ಮಾತಾಡಿಕೊಂಡರಲ್ಲ! ಅಲ್ಲಿದ್ದವರಲ್ಲಿ ಕೆಲವರು ಈ ಗುಂಪಿನಲ್ಲೂ ಇದ್ದೀರಿ. ಆಗಲೇ ನಾನು ಕ್ರೆಡಿಟ್‌ನ ವಿಚಾರವನ್ನೆಲ್ಲ ಇಲ್ಲಿ ವಿವರವಾಗಿ ಬರೆದು ಹಾಕಿದ್ದೆ, ಬಂದ ಉತ್ತರ ಒಂದೇ ಒಂದು ಹೆಬ್ಬೆರಳು. ನಮ್ಮವರ ಮನೆಗಳಲ್ಲಿ ನಿಮ್ಮವಳದ್ದು ಎಷ್ಟು ಎಪಿ ಎಂದು ಕೇಳದವರಿಲ್ಲ, ಅದರಲ್ಲಿ ಎಷ್ಟು ಡಿಗ್ರಿಗೆ ದಕ್ಕಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇರಲಿ. ನಿನ್ನ ಮಗಳು ಟೆಕ್ಸಸ್‌ನೊಳಗೇ, ಅದೂ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರುತ್ತಿರುವುದರಿಂದ, ನಮ್ಮ ಕಷ್ಟದ ಬಹುಪಾಲು ಅವಳಿಗಿಲ್ಲ. ಅವಳು ಓದಿರುವ ಇಂಗ್ಲಿಷ್ 1301, ಇತಿಹಾಸ 1301 ಮೊದಲಾದವು ರಾಜ್ಯವಿಡೀ ಒಂದೇ ಸಂಖ್ಯೆಯಲ್ಲಿ ನಡೆಯುವ ಕೋರ್ಸುಗಳು. ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾದ 42 ಕ್ರೆಡಿಟ್‌ನ ಕೋರ್ ಪಠ್ಯದೊಳಗೆ ಅವು ಸೇರುತ್ತವೆ. ಎಪಿಯಲ್ಲೂ 5ಕ್ಕೆ 3 ಬಂದರೆ ಇಲ್ಲಿಯ ಸರ್ಕಾರಿ ಕಾಲೇಜುಗಳು ಸಾಮಾನ್ಯವಾಗಿ ಕ್ರೆಡಿಟ್ ಕೊಡುತ್ತವೆ. ಆದರೆ ಅವಳು ಬಯಾಲಜಿ ಓದಿ ಮೆಡಿಕಲ್‌ಗೆ ಹೋಗಬೇಕೆಂದಿದ್ದಾಳಲ್ಲ, ಎಪಿ ಕ್ರೆಡಿಟ್ ತೋರಿಸಿ ಕೆಮಿಸ್ಟ್ರಿ, ಬಯಾಲಜಿಯನ್ನು ದಾಟಿಹೋದವರನ್ನು ಎಷ್ಟೋ ಮೆಡಿಕಲ್ ಕಾಲೇಜುಗಳು ಒಪ್ಪುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಹನ್ನೊಂದನೆಯ ಕ್ಲಾಸಿನಲ್ಲಿ ಬಂದ ಗ್ರೇಡ್ ಕೂಡ ಮೆಡಿಕಲ್ ಅರ್ಜಿಯ ಜಿಪಿಎ, ಅಂದರೆ ಸರಾಸರಿ ಗ್ರೇಡಿನ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಒಪ್ಪುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ. ಓರಿಯೆಂಟೇಷನ್‌ಗೆ ಹೋದಾಗ ಅವಳು ಬಯಾಲಜಿ ವಿಭಾಗದ ಅಡ್ವೈಸರ್ ಮುಂದೆ ಕುಳಿತು, ಪ್ರತಿಯೊಂದು ಕ್ರೆಡಿಟ್ ಯಾವ ಕೋರ್ಸಿನ ಬದಲಿಗೆ ನಿಲ್ಲುತ್ತದೆಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಲಿ.

ಅಯ್ಯೋ, ನೀನು ಕೇಳಿದ ಸೊನ್ನೆಯ ಮಾತು ಮರೆತೇಬಿಟ್ಟೆ ನೋಡು. ಅದಕ್ಕೆ ಹೆದರಬೇಡ. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಡ್ಯುಯಲ್ ಕ್ರೆಡಿಟ್ ಕಂಡರೆ ಸಾಲದು, ಕಮ್ಯುನಿಟಿ ಕಾಲೇಜು ತನ್ನದೇ ಟ್ರಾನ್ಸ್‌ಕ್ರಿಪ್ಟನ್ನು ಯೂನಿವರ್ಸಿಟಿಗೆ ನೇರವಾಗಿ ಕಳುಹಿಸಬೇಕು, ಅದನ್ನು ಅವಳೇ ಕೋರಬೇಕು. ಎಪಿ ಅಂಕಗಳು ಬರುವುದೇ ಜುಲೈನಲ್ಲಿ. ಅವನ್ನು ಕಳುಹಿಸುವುದು ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ, ಯಾವ ಯೂನಿವರ್ಸಿಟಿಗೆ ಎಂದು ಅವಳ ಖಾತೆಯೊಳಗೆ ಈಗಲೇ ಆರಿಸಿಟ್ಟರೆ ಒಂದು ಕಡೆಗೆ ಉಚಿತ, ಕೊನೆಯ ದಿನ ಜೂನ್ 20. ಆ ದಿನ ದಾಟಿದರೆ 15 ಡಾಲರ್ ಕಟ್ಟಬೇಕು. ಇವತ್ತು 18. ರಜೆಯೆಂದು ಅವಳಿನ್ನೂ ಮಲಗಿರಬೇಕು, ಎಬ್ಬಿಸು.