ಬೆಳ್ಳುಳ್ಳಿ ಗಡ್ಡೆಯಲ್ಲಿ ಎಸಳೇ ಆಗಿಲ್ಲ, ನೆಡುವುದು ಯಾವಾಗ, ಕೀಳುವುದು ಯಾವಾಗ?

ಕೈತೋಟ22:
ನಮಸ್ಕಾರ. ಬೆಳ್ಳುಳ್ಳಿ ಬೆಳೆದು ಅನುಭವ ಇರುವವರು ದಯವಿಟ್ಟು ಸ್ವಲ್ಪ ಹೇಳಿ. ಹೋದ ವರ್ಷ ಚಳಿ ಪೂರ್ತಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಮಡಿಯಲ್ಲಿ ನಲವತ್ತು ಎಸಳು ನೆಟ್ಟಿದ್ದೆ. ಗಿಡ ಚೆನ್ನಾಗೇ ಬಂತು. ನೀರು, ಗೊಬ್ಬರ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮೂರೂವರೆ ತಿಂಗಳಿಗೆ ಎಲೆ ಒಣಗಿತು, ಕಿತ್ತು ನೋಡಿದರೆ ಒಂದೊಂದೂ ದೊಡ್ಡ ಗೋಲಿಯಷ್ಟು, ಸಣ್ಣ ಈರುಳ್ಳಿ ಥರ ಗುಂಡಗೆ. ಚಾಕುವಿನಿಂದ ಅಡ್ಡ ಕೊಯ್ದೆ. ಒಳಗೆ ಎಸಳೇ ಇಲ್ಲ, ಒಂದೇ ಬಿಳಿ ಉಂಡೆ. ಘಾಟು ಮಾತ್ರ ಸರಿಯಾಗೇ ಇತ್ತು.

ಈ ಸಲ ಮೊದಲೇ ಕೇಳಿಕೊಂಡು ನೆಡೋಣ ಅಂದರೆ ಒಬ್ಬರು ಅಕ್ಟೋಬರ್ ಅನ್ನುತ್ತಾರೆ, ಇನ್ನೊಬ್ಬರು ಏಪ್ರಿಲ್ ಅನ್ನುತ್ತಾರೆ, ಮತ್ತೊಬ್ಬರು ನೆಲ ಹೆಪ್ಪುಗಟ್ಟುವ ಮುಂಚೆ ಅನ್ನುತ್ತಾರೆ. ನಮ್ಮಲ್ಲಿ ನೆಲ ಹೆಪ್ಪುಗಟ್ಟುವ ಮಾತೇ ಇಲ್ಲ. ಚಳಿಗಾಲದ ರಾತ್ರಿ 12 ಡಿಗ್ರಿಗೆ ಇಳಿದರೆ ಅದೇ ಜಾಸ್ತಿ. ಯಾರ ಮಾತು ನಂಬಲಿ?

ಎರೆಹುಳ:
ಮೂವರೂ ಸರಿಯಾಗೇ ಹೇಳಿದ್ದಾರೆ, ಅವರವರ ಹವೆಗೆ. ಭೂಮಧ್ಯರೇಖೆಯಿಂದ ಉತ್ತರಕ್ಕಿರುವವರಿಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ನೆಡುವ ಕಾಲ. ದಕ್ಷಿಣಕ್ಕಿರುವವರಿಗೆ ಅದೇ ಹಂಗಾಮು ಮಾರ್ಚ್‌ನಿಂದ ಮೇ ನಡುವೆ ಬರುತ್ತದೆ. ಏಪ್ರಿಲ್ ಅಂದವರು ಅಲ್ಲಿಯವರೇ ಇರಬೇಕು. ಅದಕ್ಕೇ ತಿಂಗಳ ಹೆಸರು ಹಿಡಿದು ಹೋಗಬೇಡಿ, ನಿಮ್ಮಲ್ಲಿ ಚಳಿ ಯಾವಾಗ ಶುರುವಾಗುತ್ತದೆ ಅನ್ನುವುದನ್ನು ಹಿಡಿಯಿರಿ.

ನಿಮ್ಮ ಗಡ್ಡೆ ಉಂಡೆಯಾಗಿದ್ದಕ್ಕೂ ಇದೇ ಕಾರಣ. ಬೆಳ್ಳುಳ್ಳಿ ಮೂಲತಃ ಮಧ್ಯ ಏಷ್ಯಾದ ಗಿಡ, ಅಲ್ಲಿ ಚಳಿ ಕಠಿಣ, ಆಮೇಲೆ ಬೇಸಿಗೆ. ಆ ಅಭ್ಯಾಸ ಅದಕ್ಕೆ ಈಗಲೂ ಹೋಗಿಲ್ಲ. ಎಸಳಿಗೆ ಮೊದಲು ಆರೆಂಟು ವಾರ ಒಳ್ಳೆ ಚಳಿ ತಾಗಬೇಕು, ಅಂದರೆ 10 ಡಿಗ್ರಿಗಿಂತ ಕೆಳಗೆ. ಆಮೇಲೆ ಹಗಲು ಉದ್ದವಾಗುತ್ತಾ, ಬಿಸಿಲು ಏರುತ್ತಾ ಬಂದಾಗ ಗಿಡ ಎಲೆ ಬಿಡುವುದನ್ನು ನಿಲ್ಲಿಸಿ ಬುಡದಲ್ಲಿ ಎಸಳು ಕಟ್ಟುತ್ತದೆ. ಚಳಿ ತಾಗದೇ ಇದ್ದರೆ ಎಸಳಾಗಿ ಒಡೆಯುವುದೇ ಇಲ್ಲ, ಒಂಟಿ ಗಡ್ಡೆಯಾಗಿಬಿಡುತ್ತದೆ. ನೀವು ನೆಟ್ಟಿದ್ದು ಚಳಿ ಮುಗಿದ ಮೇಲೆ ಅಲ್ವಾ? ಎಲೆ ಬೆಳೆಸಲು ಸಮಯ ಸಿಗಲಿಲ್ಲ, ಚಳಿಯೂ ಸಿಗಲಿಲ್ಲ, ಬಿಸಿಲು ಬಂತು, ಗಿಡ ಇದ್ದಷ್ಟರಲ್ಲೇ ಮುಗಿಸಿತು.

ಆ ಉಂಡೆಗಳು ಉಳಿದಿದ್ದರೆ ಬಿಸಾಡಬೇಡಿ. ಸರಿಯಾದ ಕಾಲಕ್ಕೆ ಮತ್ತೆ ನೆಟ್ಟರೆ ಅವೇ ದೊಡ್ಡ ಗಡ್ಡೆ ಕೊಡುತ್ತವೆ. ನಾನು ಮಾಡಿ ನೋಡಿದ್ದೇನೆ.

ಚಳಿಯಬದಿ:
ಹೆಪ್ಪುಗಟ್ಟುವ ನೆಲದ ಕಡೆಯಿಂದ ನನ್ನ ಮಾತು. ಇಲ್ಲಿ ನೆಲ ಗಟ್ಟಿಯಾಗುವುದಕ್ಕೆ ನಾಲ್ಕರಿಂದ ಆರು ವಾರ ಮುಂಚೆ ನೆಡುತ್ತೇವೆ. ಬೇರು ಬಿಡಲು ಅಷ್ಟು ಸಮಯ ಬೇಕು. ಮೊಳಕೆ ಜಾಸ್ತಿ ಮೇಲೆ ಬರಬಾರದು. ತೀರಾ ಬೇಗ ನೆಟ್ಟರೆ ಎತ್ತರ ಬಂದ ಎಲೆ ಚಳಿಗೆ ಸುಟ್ಟುಹೋಗುತ್ತದೆ. ತಡವಾದರೆ ಇನ್ನೂ ಕಷ್ಟ. ಮೊದಲ ವರ್ಷ ನಾನು ತಡ ಮಾಡಿದ್ದೆ. ಹಿಮ ಕರಗಿದ ಮೇಲೆ ಹೋಗಿ ನೋಡಿದರೆ ಅರ್ಧಕ್ಕರ್ಧ ಎಸಳು ಮಣ್ಣಿನ ಮೇಲೆ ಬಂದು ಬಿದ್ದಿದ್ದವು. ಮಣ್ಣು ಹೆಪ್ಪುಗಟ್ಟುವುದು, ಕರಗುವುದು, ಮತ್ತೆ ಹೆಪ್ಪುಗಟ್ಟುವುದು, ಹೀಗೆ ಆಗುತ್ತಾ ಆಗುತ್ತಾ ಬೇರು ಹಿಡಿಯದ ಎಸಳನ್ನು ಹೊರಗೆ ನೂಕಿಬಿಡುತ್ತದೆ. ಎತ್ತಿಕೊಂಡು ಹಿಚುಕಿದರೆ ಮೆತ್ತಗಾಗಿ ನೀರು ಬರುತ್ತಿತ್ತು. ಆಮೇಲಿನಿಂದ ಐದಾರು ಸೆಂ.ಮೀ. ಆಳಕ್ಕೆ ನೆಟ್ಟು, ಮೇಲೆ ಒಂದು ಗೇಣಿನಷ್ಟು ಒಣಹುಲ್ಲು ಹೊದಿಸುತ್ತೇನೆ. ಹಿಮ ಕರಗಿದ ಮೇಲೆ ಹುಲ್ಲನ್ನು ಸ್ವಲ್ಪ ಸರಿಸಬೇಕು, ಇಲ್ಲದಿದ್ದರೆ ಮಣ್ಣು ಬೇಗ ಬೆಚ್ಚಗಾಗುವುದಿಲ್ಲ.

ನಮಗೆ ಹಾರ್ಡ್‌ನೆಕ್ ಒಳ್ಳೆಯದು, ಅದೇ ನಡುವೆ ಗಟ್ಟಿ ಕಡ್ಡಿ ಇರುವ ಜಾತಿ. ಅದು ಹೂದಂಟು ಬಿಡುತ್ತದೆ. ದಂಟು ಒಂದು ಸುತ್ತು ಸುರುಳಿಯಾದಾಗ ಚಿವುಟಿಬಿಡಿ, ಬಿಟ್ಟರೆ ಗಡ್ಡೆ ಸಣ್ಣದಾಗುತ್ತದೆ. ಅದಾಗಿ ಮೂರು ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ಒಟ್ಟು ಎಂಟೊಂಬತ್ತು ತಿಂಗಳ ಬೆಳೆ ಇದು. ಚಳಿ ಕಡಿಮೆ ಇರುವ ಕಡೆ ಸಾಫ್ಟ್‌ನೆಕ್ ಜಾತಿ ಹೊಂದುತ್ತದೆ, ಇಡಲೂ ಅದೇ ಜಾಸ್ತಿ ದಿನ ಬಾಳುತ್ತದೆ.

ಕೈತೋಟ22:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಅರ್ಥವಾಯಿತು. ಆದರೆ ನಮ್ಮ ಚಳಿ 10 ಡಿಗ್ರಿಗೆ ಇಳಿಯುವುದೇ ಇಲ್ಲವಲ್ಲ, ಹಾಗಾದರೆ ನಾವು ಬೆಳೆಯುವ ಹಾಗೇ ಇಲ್ವಾ?

ಎರೆಹುಳ:
ಬೆಳೆಯಬಹುದು. ಫ್ರಿಜ್‌ನಲ್ಲಿ ಚಳಿ ಕೊಡಿ. ನೆಡುವ ದಿನಕ್ಕೆ ಆರೆಂಟು ವಾರ ಮುಂಚೆ ಒಣಗಿದ ಗಡ್ಡೆಯನ್ನು ಎಸಳು ಬಿಡಿಸದೆ ಹಾಗೇ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಫ್ರೀಜರ್ ಬೇಡ, ಪ್ಲಾಸ್ಟಿಕ್ ಚೀಲವೂ ಬೇಡ, ಒಳಗೆ ಬೆವತು ಬೂಸ್ಟು ಬರುತ್ತದೆ. ಹೊರಗೆ ತೆಗೆದ ಮೇಲೆ ಸುಮ್ನೆ ಇಟ್ಟುಕೊಳ್ಳಬೇಡಿ, ಬಿಸಿ ತಾಗಿದರೆ ಚಳಿ ಕೊಟ್ಟಿದ್ದು ವ್ಯರ್ಥವಾಗಬಹುದು. ಅದೇ ದಿನ ಎಸಳು ಬಿಡಿಸಿ, ದಪ್ಪದವನ್ನು ಆರಿಸಿ, ಬುಡ ಕೆಳಗೆ ಮೊನೆ ಮೇಲೆ ಮಾಡಿ ನೆಡಿ. ಒಂದಕ್ಕೊಂದು 10ರಿಂದ 15 ಸೆಂ.ಮೀ. ದೂರ ಇರಲಿ. ನೆಡುವುದು ಬೇಸಿಗೆ ಹತ್ತಿರ ಬಂದಾಗ ಅಲ್ಲ, ನಿಮ್ಮ ಇರುವಷ್ಟು ಚಳಿ ಶುರುವಾಗುವಾಗ. ನಾಲ್ಕೈದು ತಿಂಗಳು ತಂಪು ಸಿಕ್ಕರೆ ಬೆಳೆ ಕೈಗೆ ಬರುತ್ತದೆ.

ಇನ್ನೊಂದು ವಿಷಯ, ಜಾತಿ ವಿಚಾರಿಸಿ ತನ್ನಿ. ಭೂಮಧ್ಯರೇಖೆಯ ಹತ್ತಿರ ಹಗಲು ವರ್ಷವಿಡೀ ಹೆಚ್ಚುಕಡಿಮೆ 12 ಗಂಟೆ. ಉದ್ದ ಹಗಲಿಗೆ ಕಾಯುವ ಜಾತಿಯನ್ನು ಅಲ್ಲಿ ನೆಟ್ಟರೆ ಎಲೆ ಬರುತ್ತದೆ, ಗಡ್ಡೆ ಕಟ್ಟುವುದಿಲ್ಲ. ಕಡಿಮೆ ಹಗಲಿಗೂ ಗಡ್ಡೆ ಕಟ್ಟುವ ಜಾತಿಗಳಿವೆ, ಅವೇ ಬೇಕು.

ಸೊಪ್ಪುಸದೆ:
ಕೀಳುವುದರ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಬೆಳೆ ಹಾಳಾಗುವುದು ಹೆಚ್ಚಾಗಿ ಅಲ್ಲೇ. ಈರುಳ್ಳಿ ಹಾಗೆ ಗಿಡ ಪೂರ್ತಿ ಒಣಗಿ ಬೀಳಲಿ ಅಂತ ಕಾಯಬೇಡಿ. ಬೆಳ್ಳುಳ್ಳಿಯ ಒಂದೊಂದು ಎಲೆಯ ಬುಡವೂ ಗಡ್ಡೆಯ ಮೇಲೆ ಒಂದೊಂದು ಪದರ ಸಿಪ್ಪೆಯಾಗುತ್ತದೆ. ಎಲೆ ಒಣಗಿದಂತೆ ಆ ಸಿಪ್ಪೆಯೂ ಮಣ್ಣಿನೊಳಗೆ ಕೊಳೆಯಲು ಶುರು. ಅದಕ್ಕೇ ಕೆಳಗಿನ ಮೂರು ನಾಲ್ಕು ಎಲೆ ಒಣಗಿ, ಮೇಲೆ ಇನ್ನೂ ಐದಾರು ಹಸಿರಾಗಿ ಇರುವಾಗ ಒಂದು ಗಿಡ ಕಿತ್ತು ಅಡ್ಡ ಕೊಯ್ದು ನೋಡಿ. ಎಸಳು ಸಿಪ್ಪೆಯೊಳಗೆ ತುಂಬಿಕೊಂಡು ಬಿಗಿಯಾಗಿದ್ದರೆ ಉಳಿದದ್ದನ್ನೂ ಕೀಳಿ. ಎಸಳು ಇನ್ನೂ ಸರಿಯಾಗಿ ಬೇರೆಯಾಗಿರದಿದ್ದರೆ ಒಂದು ವಾರ ಬಿಡಿ. ನಾನು ಒಂದು ವರ್ಷ ಊರಿಗೆ ಹೋಗಿದ್ದರಿಂದ ಎರಡು ವಾರ ತಡವಾಯಿತು, ಮಣ್ಣು ಸರಿಸಿದರೆ ಹೊರಸಿಪ್ಪೆ ಹರಿದು ಎಸಳುಗಳು ಹೂವಿನ ಹಾಗೆ ಬಿಚ್ಚಿಕೊಂಡಿದ್ದವು. ಅಂಥವು ಇಡಲು ಬರುವುದಿಲ್ಲ.

ಕೀಳುವ ಎರಡು ವಾರ ಮುಂಚೆ ನೀರು ನಿಲ್ಲಿಸಿ. ಗೊಬ್ಬರ ಅದಕ್ಕೂ ಮುಂಚೆಯೇ ನಿಲ್ಲಬೇಕು. ಕೊನೆಯಲ್ಲಿ ಸಾರಜನಕ ಜಾಸ್ತಿಯಾದರೆ ಎಸಳಿನಿಂದಲೇ ಮತ್ತೆ ಮೊಳಕೆ ಬರುತ್ತದೆ. ಎಲೆ ಹಿಡಿದು ಎಳೆಯಬೇಡಿ, ಪಕ್ಕದ ಮಣ್ಣನ್ನು ಗುದ್ದಲಿಯಿಂದ ಸಡಿಲ ಮಾಡಿ ಎತ್ತಿ. ತೊಳೆಯಬೇಡಿ. ಎಲೆ ಸಮೇತ ನೆರಳಲ್ಲಿ, ಗಾಳಿ ಆಡುವ ಕಡೆ ಎರಡು ಮೂರು ವಾರ ತೂಗುಹಾಕಿ. ಕತ್ತಿನ ಹತ್ತಿರ ಬೆರಳಿನಿಂದ ಒತ್ತಿದಾಗ ಹಸಿ ಇಲ್ಲ ಅನಿಸಿದರೆ ಎಲೆ ಕತ್ತರಿಸಿ.

ಕೈತೋಟ22:
ಒಂಟಿ ಗಡ್ಡೆ ಹದಿನೆಂಟು ಉಳಿದಿವೆ. ಚಳಿ ಶುರುವಾಗಲು ಇನ್ನೂ ಎರಡು ತಿಂಗಳಿದೆ. ಇವತ್ತೇ ಕಾಗದದ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟೆ, ಚೀಲದ ಮೇಲೆ ತಾರೀಖು ಬರೆದಿದ್ದೇನೆ. ಕಿತ್ತ ಮೇಲೆ ಕೊಯ್ದು ನೋಡಿ ಇಲ್ಲೇ ಹೇಳುತ್ತೇನೆ.