ವಾಯುಗುಣ ಮಾದರಿಯ 'ಬಯಾಸ್' – ಪಕ್ಷಪಾತವೋ, ವಾಲಿಕೆಯೋ?

ವಾಯುಗುಣ ಮಾದರಿಗಳನ್ನು, ಅಂದರೆ ಭೂಮಿಯ ವಾಯುಗುಣವನ್ನು ಲೆಕ್ಕಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳನ್ನು, ಪರೀಕ್ಷಿಸುವ ತಂತ್ರಾಂಶಗಳ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ಇಎಸ್‌ಎಂವ್ಯಾಲ್‌ಟೂಲ್, ಪಿಸಿಎಂಡಿಐ ಮೆಟ್ರಿಕ್ಸ್ ಪ್ಯಾಕೇಜ್, ಭೂಭಾಗದ ಮಾದರಿಗಳಿಗೆಂದೇ ಇರುವ ಐಲ್ಯಾಂಬ್, ಇಂಥವುಗಳ ಬಗ್ಗೆ. ಮೂರೂ ಮಾಡುವ ಮೂಲ ಕೆಲಸ ಒಂದೇ. ಮಾದರಿ ಕೊಟ್ಟ ಅಂಕಿಗಳನ್ನೂ ನಿಜವಾಗಿ ಅಳೆದು ಪಡೆದ ಅಂಕಿಗಳನ್ನೂ ಒಂದೇ ಗ್ರಿಡ್‌ಗೆ (ಭೂಪಟದ ಮೇಲಿನ ಒಂದೇ ಚೌಕಜಾಲಕ್ಕೆ) ತಂದು, ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತೋರಿಸುವುದು.

ಹೆಚ್ಚಿನ ಪದಗಳಿಗೆ ಹೇಗೋ ದಾರಿ ಸಿಕ್ಕಿತು. ಪತ್ರಿಕೆಗಳಲ್ಲಿ 'ಹವಾಮಾನ' ಎಂದೇ ಜಾಸ್ತಿ ಬಳಕೆ ಇದ್ದರೂ 'ವಾಯುಗುಣ' ಎಂದೇ ಇಟ್ಟುಕೊಂಡಿದ್ದೇನೆ. ನಾಳೆ ಮಳೆ ಬರುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಹಲವು ದಶಕಗಳ ಸರಾಸರಿ, ಏರಿಳಿತ ಸರಿಯಾಗಿ ಬರುತ್ತಿದೆಯೇ ಎಂಬುದು ಪ್ರಶ್ನೆ. ಇಎಸ್‌ಎಂವ್ಯಾಲ್‌ಟೂಲ್‌ನಲ್ಲಿ ಯಾವ ದತ್ತಾಂಶ, ಯಾವ ವರ್ಷಗಳು, ಯಾವ ಲೆಕ್ಕ ಎಂದು ಬರೆದಿಡುವ ಕಡತಕ್ಕೆ 'ರೆಸಿಪಿ' ಎನ್ನುತ್ತಾರೆ. ಅದನ್ನು ಹಾಗೇ ಬಿಟ್ಟಿದ್ದೇನೆ, ಎಲ್ಲರಿಗೂ ಗೊತ್ತಿರುವ ಮಾತು.

ಸಿಕ್ಕಿಹಾಕಿಕೊಂಡಿರುವುದು 'ಬಯಾಸ್' (bias) ಎಂಬ ಪದದ ಹತ್ತಿರ.

ನಿಘಂಟು ತೆಗೆದರೆ 'ಪಕ್ಷಪಾತ', 'ಪೂರ್ವಗ್ರಹ' ಸಿಗುತ್ತವೆ. ಎರಡೂ ಮನುಷ್ಯರ ಗುಣ. 'ಈ ಮಾದರಿಗೆ ಪಕ್ಷಪಾತವಿದೆ' ಎಂದು ಬರೆದರೆ, ಯಾರೋ ಬೇಕೆಂದೇ ಬಿಸಿ ಜಾಸ್ತಿ ತೋರಿಸಿದ್ದಾರೆ ಎಂದು ಓದುಗರಿಗೆ ಅನ್ನಿಸುತ್ತದೆ, ಅಲ್ವಾ? ವಾಯುಗುಣದಂಥ ವಿಷಯದಲ್ಲಿ ಇದು ಸಣ್ಣ ಅಪಾಯವಲ್ಲ. ಇಲ್ಲಿ ಬಯಾಸ್ ಎಂದರೆ ಬರೀ ಒಂದು ಕಳೆಯುವ ಲೆಕ್ಕ. ಒಂದು ಜಾಗದಲ್ಲಿ ಅಳತೆಯ ದೀರ್ಘಕಾಲದ ಸರಾಸರಿ 15 ಡಿಗ್ರಿ, ಮಾದರಿಯದು 17 ಡಿಗ್ರಿ ಎಂದಿಟ್ಟುಕೊಳ್ಳಿ. ಬಯಾಸ್ +2. ಅದಕ್ಕೆ ಗಾತ್ರವೂ ಇದೆ, ದಿಕ್ಕೂ ಇದೆ. ಎಷ್ಟು ವರ್ಷದ ಸರಾಸರಿ ತೆಗೆದರೂ ಅದು ಕರಗಿಹೋಗುವುದಿಲ್ಲ. ಹಾಗಾಗಿ ಸುಮ್ನೆ 'ತಪ್ಪು' ಅಥವಾ 'ದೋಷ' ಎಂದರೂ ಸಾಲದು. 'ವಿಚಲನೆ' ಎನ್ನೋಣ ಎಂದರೆ 'ಮಾನಕ ವಿಚಲನೆ'ಯಲ್ಲಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಅದು ಆಗಲೇ ಬೇರೆ ಕೆಲಸಕ್ಕೆ ನಿಂತಿದೆ. ಮಾದರಿ ಅಳತೆಗೆ ಎಷ್ಟು ಹತ್ತಿರವಿದೆ ಎಂದು ತೋರಿಸುವ ಟೇಲರ್ ಚಿತ್ರ (ಟೇಲರ್ ಡಯಾಗ್ರಾಂ) ವಿವರಿಸುವಾಗ ಇದರಿಂದ ದೊಡ್ಡ ಗೊಂದಲವಾಗುತ್ತದೆ. ಕಾರ್ಲ್ ಟೇಲರ್ 2001ರಲ್ಲಿ ಕೊಟ್ಟ ಆ ಚಿತ್ರದಲ್ಲಿ ಮಾನಕ ವಿಚಲನೆ, ಸಹಸಂಬಂಧ (ಕೋರಿಲೇಶನ್), ಸರಾಸರಿಯನ್ನು ಕಳೆದ ಮೇಲೆ ಉಳಿಯುವ ವ್ಯತ್ಯಾಸ, ಮೂರೂ ಒಂದೇ ಚುಕ್ಕಿಯಲ್ಲಿ ಕಾಣುತ್ತವೆ. ಕಾಣದೇ ಇರುವುದು ಈ ಬಯಾಸ್ ಮಾತ್ರ, ಯಾಕೆಂದರೆ ಸರಾಸರಿಯನ್ನು ಮೊದಲೇ ಕಳೆದಿರುತ್ತಾರೆ.

ನನಗೆ ಹಿಡಿಸಿದ್ದು 'ವಾಲಿಕೆ'. 'ಬಿಸಿಯ ಕಡೆ ವಾಲಿಕೆ', 'ಒಣ ವಾಲಿಕೆ', 'ವಾಲಿಕೆ ತಿದ್ದುವುದು' ಎಲ್ಲವೂ ಸರಾಗವಾಗಿ ಬರುತ್ತವೆ. ದಿಕ್ಕು ಪದದೊಳಗೇ ಇದೆ, ದುರುದ್ದೇಶದ ವಾಸನೆ ಇಲ್ಲ. 'ಒಲವು' ಎಂದರೆ ಮತ್ತೆ ಮನಸ್ಸಿನ ಮಾತಾಗುತ್ತದೆ. 'ಓರೆ' ಚಿಕ್ಕದು, ಚೆಂದದ್ದು. ಆದರೆ ಪರೀಕ್ಷಿಸುವುದಕ್ಕೆ 'ಒರೆಗೆ ಹಚ್ಚುವುದು' ಎಂದು ಬಳಸುವ ಆಸೆ ನನಗೆ. ಅದಕ್ಕೆ 'ಮೌಲ್ಯಮಾಪನ' ಎಂದರೆ ಉತ್ತರ ಪತ್ರಿಕೆಗೆ ಅಂಕ ಹಾಕುವುದು ನೆನಪಾಗುತ್ತದೆ. ಈ ತಂತ್ರಾಂಶಗಳು ಮಾದರಿಗೆ ಪಾಸು, ಫೇಲು ಎನ್ನುವುದಿಲ್ಲ. ಒಂದೇ ಪುಟದಲ್ಲಿ ಒರೆಯೂ ಓರೆಯೂ ಬಂದರೆ ಓದುವವರ ಕಣ್ಣು ತಪ್ಪದೇ ಇರುತ್ತದೆಯೇ?

'ಒರೆಗಲ್ಲು' ಎಂಬುದರಲ್ಲೂ ಒಂದು ತೊಡಕಿದೆ. ಇಲ್ಲಿ ಒರೆಗಲ್ಲು, ಅಂದರೆ ಹೋಲಿಕೆಗೆ ಆಧಾರವಾಗುವ ಅಂಕಿಗಳ ಮೂಲ, ಒಂದಲ್ಲ. ಉಪಗ್ರಹದ ಅಳತೆಗಳು ಬೇರೆ, ಇಆರ್‌ಎ5ನಂಥ ಮರುವಿಶ್ಲೇಷಣೆ ಬೇರೆ. ಮರುವಿಶ್ಲೇಷಣೆಯೂ (ರೀಅನಾಲಿಸಿಸ್) ಹಳೆಯ ಅಳತೆಗಳನ್ನು ಒಂದು ಮಾದರಿಯ ನೆರವಿನಿಂದಲೇ ಹೆಣೆದು ಆಗಿದ್ದು. ಅದಕ್ಕೇ ಒಂದಕ್ಕಿಂತ ಹೆಚ್ಚು ಆಧಾರಗಳ ಜೊತೆ ಹೋಲಿಸುವುದು ಒಳ್ಳೆಯದು. ಪದ ಇದನ್ನು ತಡೆದುಕೊಳ್ಳುತ್ತದೆ ಎಂದು ನನ್ನ ನಂಬಿಕೆ.

ಇನ್ನು ನಿಜವಾದ ಕಷ್ಟ. ಉಷ್ಣವಲಯದ ಶಾಂತಸಾಗರದಲ್ಲಿ ಸಮಭಾಜಕ ವೃತ್ತದ ದಕ್ಷಿಣಕ್ಕೆ ಹಲವು ಮಾದರಿಗಳು ನಿಜದಲ್ಲಿ ಅಷ್ಟು ಬಲವಾಗಿ ಇಲ್ಲದ ಮಳೆಪಟ್ಟಿಯನ್ನು ತೋರಿಸುತ್ತವೆ. ಉತ್ತರದಲ್ಲಿ ಇರುವುದು ಸರಿ, ದಕ್ಷಿಣದಲ್ಲಿ ಇನ್ನೊಂದು ಬಲವಾಗಿ ಹುಟ್ಟಿಕೊಳ್ಳುತ್ತದೆ. ಜಗತ್ತಿನ ಮಾದರಿಗಳನ್ನು ಒಟ್ಟಿಗೆ ಹೋಲಿಸುವ ಸಿಎಂಐಪಿ ಯೋಜನೆಯ ಮೂರನೇ ಹಂತದಿಂದ (ಸಿಎಂಐಪಿ3) ಆರನೆಯದರವರೆಗೂ (ಸಿಎಂಐಪಿ6) ಇದು ಪೂರ್ತಿ ಹೋಗಿಲ್ಲ. ಇದನ್ನೂ ಬಯಾಸ್ ಎಂದೇ ಕರೆಯುತ್ತಾರೆ. ಆದರೆ 'ಜೋಡಿ ಮಳೆಪಟ್ಟಿಯ ವಾಲಿಕೆ' ಎಂದರೆ ಕನ್ನಡದಲ್ಲಿ ಏನೂ ಅರ್ಥವಾಗುವುದಿಲ್ಲ. ಅದು ಒಂದು ಕಡೆಗೆ ವಾಲಿದ್ದಲ್ಲ, ಚಿತ್ರದ ಆಕಾರವೇ ತಪ್ಪಿದ್ದು.

ಹಾಗಾದರೆ ಎರಡು ಪದ ಇಟ್ಟುಕೊಳ್ಳೋಣವೇ? ಸಂಖ್ಯೆಯಾಗಿ ಬರುವುದಕ್ಕೆ 'ವಾಲಿಕೆ', ಬಿಡದೆ ಕಾಡುವ ಇಂಥ ಆಕಾರದ ತಪ್ಪಿಗೆ 'ಕಾಯಂ ದೋಷ'. ನನ್ನ ಮನಸ್ಸು ಇದರ ಕಡೆಗಿದೆ. ಆದರೆ ಮೂಲದಲ್ಲಿ ಒಂದೇ ಪದವಿರುವಾಗ ಎರಡು ಮಾಡಿದರೆ, ಮುಂದೆ ಇಂಗ್ಲಿಷ್ ಓದುವವರಿಗೆ ಕೊಂಡಿ ತಪ್ಪೀತೇ? ಸಂಖ್ಯಾಶಾಸ್ತ್ರ ಕಲಿಸುವವರು, ಯಂತ್ರಕಲಿಕೆಯ ಬಗ್ಗೆ ಬರೆಯುವವರು ಇದಕ್ಕೆ ಯಾವ ಪದ ಬಳಸುತ್ತೀರಿ? ಒಂದೆರಡು ವಾಕ್ಯದಲ್ಲಿ ಬಳಸಿ ತೋರಿಸಿದರೆ ತುಂಬಾ ಉಪಕಾರವಾಗುತ್ತದೆ.